ಕಿಶೋರಿಯರ ಅಂಡಾಶಯ ವಿಕಾರ: ರೋಗನಿರ್ಣಯದ ಇತಿಹಾಸ

ಮೈನೆರೆದು ವರ್ಷ ಕಳೆದರೂ ಮಗಳ ಮುಟ್ಟು ಕ್ರಮಕ್ಕೆ ಬಾರದಿದ್ದಲ್ಲಿ ತಾಯಂದಿರು ಚಿಂತೆಗೀಡಾಗುವುದು ಸಹಜ. ಇದು ವ್ಯಾಧಿಯೋ, ಬೆಳವಣಿಗೆಯ ಒಂದು ಹಂತವೋ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರವು ಉತ್ತರವನ್ನು ಕಂಡುಕೊಂಡ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದೆ.

ಇಂದು ‘ಪಿಸಿಓಎಸ್’ ಎಂದು ಮನೆಮಾತಾಗಿರುವ ವಿಕಾರದ ಮೊದಲ ಸುಳಿವು 1721ರಷ್ಟು ಹಳೆಯದು. ಮಕ್ಕಳಿಲ್ಲದ ರೈತ ಯುವತಿಯೊಬ್ಬಳ ಅಂಡಾಶಯಗಳು ಬಿಳುಪಾಗಿ, ಹೊಳಪಾಗಿ, ಪಾರಿವಾಳದ ಮೊಟ್ಟೆಯಷ್ಟು ದೊಡ್ಡದಾಗಿದ್ದುವೆಂದು ಇಟಲಿಯ ಆಂಟೋನಿಯೊ ವಲ್ಲಿಸ್ನೇರಿ ಬರೆದಿಟ್ಟನು. ಆದರೆ ಲಕ್ಷಣಗಳನ್ನು ಒಂದುಗೂಡಿಸಿ ಅದಕ್ಕೊಂದು ರೂಪ ಕೊಟ್ಟವರು ಷಿಕಾಗೋ ನಗರದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್. 1935ರಲ್ಲಿ ಅವರು ಏಳು ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿದರು. ಅಂಡಾಶಯವನ್ನು ಕಾಣಲು ಆಗ ಇದ್ದ ಉಪಾಯಗಳು ಎರಡೇ: ಉದರದೊಳಕ್ಕೆ ಅನಿಲವನ್ನು ತುಂಬಿ ಕ್ಷ-ಕಿರಣ ಚಿತ್ರ ತೆಗೆಯುವುದು, ಇಲ್ಲವೆ ಹೊಟ್ಟೆಯನ್ನೇ ಕೊಯ್ದು ನೋಡುವುದು. ಅಂಡಾಶಯದ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಏಳು ಮಂದಿಗೂ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು.

ಮುಂದೆ ಸಾಧನಗಳು ಸೂಕ್ಷ್ಮವಾದುವು. ಸ್ಕಾಟ್ಲೆಂಡಿನ ಇಯಾನ್ ಡೊನಾಲ್ಡ್ 1958ರಲ್ಲಿ ಉದರದ ಶ್ರವಣಾತೀತ ಧ್ವನಿಚಿತ್ರಗಳನ್ನು ಪ್ರಕಟಿಸಿದರು. 1960ರಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿನ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ವಿವರಿಸಿದರು. ಇವುಗಳ ಫಲವಾಗಿ 2003ರಲ್ಲಿ ರಾಟರ್‌ಡ್ಯಾಮ್ ಸಭೆಯು ಮೂರು ಲಕ್ಷಣಗಳನ್ನು ಗೊತ್ತುಮಾಡಿತು: ಅಂಡೋತ್ಪತ್ತಿಯ ಅಕ್ರಮ, ಪುರುಷ ಹಾರ್ಮೋನಿನ ಆಧಿಕ್ಯ, ಸ್ಕ್ಯಾನಿನಲ್ಲಿ ತೋರುವ ಬಹುಕೋಶೀಯ ಅಂಡಾಶಯ. ಅನ್ಯ ಕಾರಣಗಳಿಲ್ಲವೆಂದು ಖಚಿತವಾದರೆ, ಈ ಮೂರರಲ್ಲಿ ಎರಡು ಸಾಕು.

ಈ ಅಳತೆಗೋಲು ಪ್ರೌಢಸ್ತ್ರೀಯರಿಗೆ ತಕ್ಕುದಾದರೂ ಕಿಶೋರಿಯರ ವಿಷಯದಲ್ಲಿ ತೊಡಕನ್ನು ತಂದಿತು. ತಪ್ಪಿದ ಮುಟ್ಟು, ಮೊಗದ ಮೊಡವೆ, ಅನೇಕ ಕೋಶಿಕೆಗಳಿಂದ ಕೂಡಿದ ಅಂಡಾಶಯ ಇವೆಲ್ಲ ಆ ವಯಸ್ಸಿಗೆ ಸಹಜವಾದುವೇ. ‘ನೀರುಗುಳ್ಳೆ’ಯೆಂದು ಜನರು ಅಂಜುವ ಆ ಕೋಶಿಕೆಗಳು ಗಂಟುಗಳಲ್ಲ, ಬೆಳವಣಿಗೆ ಅರ್ಧಕ್ಕೆ ನಿಂತ ಅಂಡಕೋಶಗಳು.

ಈ ಕಾರಣದಿಂದ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಕಿಶೋರಿಯರಿಗೆ ಬೇರೆಯೇ ನಿಯಮವನ್ನಿತ್ತಿತು. ಮೊದಲ ಮುಟ್ಟಿನಿಂದ 8 ವರ್ಷಗಳವರೆಗೆ ರೋಗನಿರ್ಣಯಕ್ಕೆ ಸ್ಕ್ಯಾನನ್ನು ಅವಲಂಬಿಸಕೂಡದು. ಮುಟ್ಟಿನ ಅಕ್ರಮವೂ ಪುರುಷ ಹಾರ್ಮೋನಿನ ಆಧಿಕ್ಯವೂ ಎರಡೂ ಇರತಕ್ಕದ್ದು. ಮೊದಲ ವರ್ಷದ ಅಕ್ರಮವು ಸಹಜ. ಒಂದರಿಂದ ಮೂರು ವರ್ಷಗಳ ನಡುವೆ 21 ದಿನಗಳಿಗಿಂತ ಕಡಮೆ ಅಥವಾ 45ಕ್ಕಿಂತ ಹೆಚ್ಚಿನ ಅಂತರವಿದ್ದರೆ ಮಾತ್ರ ಅದು ಅಕ್ರಮವೆನಿಸುತ್ತದೆ. ಒಂದೇ ಲಕ್ಷಣವುಳ್ಳವಳನ್ನು ರೋಗಿಯೆನ್ನದೆ, ‘ಅಪಾಯದ ಸಂಭವವುಳ್ಳವಳು’ ಎಂದು ಗಣಿಸಿ, ಮುಂದೆ ಮತ್ತೆ ಪರೀಕ್ಷಿಸಬೇಕು. 2023ರ ಪರಿಷ್ಕರಣವೂ ಈ ಎಚ್ಚರಿಕೆಯನ್ನು ಎತ್ತಿಹಿಡಿದಿದೆ.

ಹಾಗೆಂದು ಉದಾಸೀನವೂ ಸಲ್ಲದು. 15 ವರ್ಷ ತುಂಬಿದರೂ ಮೈನೆರೆಯದಿದ್ದರೆ, ಅಥವಾ ಮೈನೆರೆದ ವರ್ಷದ ಬಳಿಕ ಒಮ್ಮೆಯಾದರೂ 90 ದಿನ ಮೀರಿ ಮುಟ್ಟು ನಿಂತರೆ ವೈದ್ಯರನ್ನು ಕಾಣಲೇಬೇಕು. ಥೈರಾಯಿಡ್ ಮುಂತಾದ ಗ್ರಂಥಿಗಳ ದೋಷವೂ ಇದಕ್ಕೆ ಕಾರಣವಾಗಿರಬಹುದು. ಅವಸರದಲ್ಲಿ ಅಂಟಿಸಿದ ರೋಗದ ಹೆಸರು ಹುಡುಗಿಯೊಬ್ಬಳಲ್ಲಿ ‘ನಾನು ತಾಯಿಯಾಗಲಾರೆ’ ಎಂಬ ವೃಥಾ ಭೀತಿಯನ್ನು ಬೇರೂರಿಸೀತು. ತಡವಾದರೆ ನಿಜವಾದ ರೋಗವು ಬಲಿತೀತು. ಇವೆರಡರ ನಡುವೆ ಕಾದು ನೋಡುವ ವಿವೇಕವನ್ನು ಕಲಿಯಲು ವೈದ್ಯಶಾಸ್ತ್ರಕ್ಕೆ ಸುಮಾರು ಮುನ್ನೂರು ವರ್ಷಗಳು ಹಿಡಿದುವು.