ಕಾರ್ಖಾನೆ ಚಾವಣಿ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ

ಕೊಲ್ಹಾಪುರ ಜಿಲ್ಲೆಯ ಗಿರಣಿ, ಮಗ್ಗದ ಶೆಡ್ಡು, ಫೌಂಡ್ರಿ, ಗೋದಾಮುಗಳ ಚಾವಣಿ ಸುಮಾರು ಒಂದು ಶತಮಾನದಲ್ಲಿ ಹಂಚು, ತಗಡು, ಸಿಮೆಂಟ್ ಶೀಟು, ಸ್ಲ್ಯಾಬುಗಳನ್ನು ದಾಟಿ ಪಾಲಿಯುರಿಥೇನ್ ಫೋಮ್ ಸಿಂಪಡಣೆಯ ಕಾಲಕ್ಕೆ ಬಂದಿದೆ. ಹಳೆಯದು ಯಾವುದೂ ಪೂರ್ತಿ ಮರೆಯಾಗಿಲ್ಲ. ಒಂದೇ ಓಣಿಯಲ್ಲಿ ಇವೆಲ್ಲ ಅಕ್ಕಪಕ್ಕ ಕಾಣಸಿಗುತ್ತವೆ.

ಇಲ್ಲಿನ ಮಳೆ ಒಂದೇ ಹದದ್ದಲ್ಲ. ಪಶ್ಚಿಮದಲ್ಲಿ ಘಟ್ಟದಂಚಿನ ಗಗನಬಾವಡಾದಲ್ಲಿ ವರ್ಷದ ಮಳೆ ಹಲವು ಸಲ 5,000 ಮಿ.ಮೀ. ಮೀರುತ್ತದೆ; ಪೂರ್ವದ ಶಿರೋಳ ಕಡೆ ಅದರ ಹತ್ತರಲ್ಲೊಂದು ಪಾಲು ಬಿದ್ದರೆ ಹೆಚ್ಚು. ಪಂಚಗಂಗಾ ದಂಡೆಯ ಇಚಲಕರಂಜಿಯಲ್ಲಿ ಚಾವಣಿಗೆ ಬಿಸಿಲಿನ ಕಾಟವೂ ಮಳೆಯಷ್ಟೇ ಉಂಟು. ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜ ಕನ್ನಡ, ಮರಾಠಿ ಎರಡೂ ನಡೆಯುವ ಪೇಟೆ. ಅಲ್ಲಿ ಬೆಲ್ಲ ಮತ್ತು ಒಣಮೆಣಸಿನಕಾಯಿಯ ಗೋದಾಮಿಗೆ ಒಂದೇ ಒಂದು ಸೋರಿಕೆ ಸಾಕು, ಮಾಲು ಬೂಸಲು ಹಿಡಿಯುತ್ತದೆ.

ಕಾರ್ಖಾನೆ ಕಟ್ಟಡಗಳ ಕಾಲ ಇಲ್ಲಿ ಶುರುವಾದದ್ದು 20ನೇ ಶತಮಾನದ ಆರಂಭದಲ್ಲಿ. 1891ರಲ್ಲಿ ಮಿರಜ–ಕೊಲ್ಹಾಪುರ ರೈಲು ಬಂದ ಮೇಲೆ ಕಬ್ಬಿಣದ ತೊಲೆ, ತಗಡು, ಹಂಚು ತರಿಸುವುದು ಸುಲಭವಾಯಿತು. 1904ರಲ್ಲಿ ವಿಠ್ಠಲರಾವ್ ದಾತಾರ ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗ ಹೂಡಿದರು. ಆಗಿನ ಜಹಗೀರುದಾರ ನಾರಾಯಣರಾವ್ ಘೋರ್ಪಡೆ ಉದ್ಯಮಕ್ಕೆ ಬೆಂಬಲವಾಗಿ ನಿಂತರು. 1906ರಲ್ಲಿ ಛತ್ರಪತಿ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಶಾಹು ಮಿಲ್ಲಿಗೆ ಅಡಿಪಾಯ ಹಾಕಿಸಿದರು. ಬಾಸೆಲ್ ಮಿಷನ್ನಿನ ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಯಂತ್ರದ ಹಂಚು ಆ ಹೊತ್ತಿಗೆ ಪಶ್ಚಿಮ ಭಾರತದಲ್ಲೆಲ್ಲ ಹಬ್ಬಿತ್ತು. ಸಂದುಗಳಲ್ಲಿ ಬಿಸಿಗಾಳಿ ಹೊರಹೋಗಲು ಬಿಡುವ, ಒಡೆದದ್ದನ್ನಷ್ಟೇ ಬದಲಿಸಿದರೆ ಸಾಕೆನಿಸುವ ಈ ಹಂಚಿನಷ್ಟು ಹೊಂದಿಕೆಯ ಚಾವಣಿ ಈ ಸೀಮೆಗೆ ಮತ್ತೆ ಸಿಗಲಿಲ್ಲ ಎನ್ನಬೇಕು.

ಜವಳಿ ಗಿರಣಿಗಳ ಜೊತೆ ಬಂದ ಇನ್ನೊಂದು ರೂಪ ಇಂಗ್ಲೆಂಡಿನ ಲ್ಯಾಂಕಶೈರಿನ ಗರಗಸದ ಹಲ್ಲಿನ ಚಾವಣಿ. ಉತ್ತರಕ್ಕೆ ಮುಖಮಾಡಿದ ಅದರ ಕಡಿದಾದ ಬದಿಗೆ ಗಾಜು ಕೂರಿಸಿ, ನೇರ ಬಿಸಿಲಿಲ್ಲದೆ ಬೆಳಕನ್ನಷ್ಟೇ ಒಳಗೆ ತರುತ್ತಾರೆ. ಲ್ಯಾಂಕಶೈರಿನಲ್ಲಿ ನಡುಹಗಲ ಸೂರ್ಯ ಎಂದೂ ಉತ್ತರಕ್ಕೆ ಸರಿಯುವುದಿಲ್ಲ. ಸುಮಾರು 16.7 ಡಿಗ್ರಿ ಅಕ್ಷಾಂಶದ ಕೊಲ್ಹಾಪುರದಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸರಿಯುತ್ತಾನೆ. ಆ ಅವಧಿಯ ಹೆಚ್ಚು ಪಾಲು ಮೋಡದಲ್ಲಿ ಕಳೆಯುವುದರಿಂದ ಲೆಕ್ಕ ಹೇಗೋ ಸರಿಹೋಯಿತು.

ಅಲೆಯಲೆಯ ಕಬ್ಬಿಣದ ತಗಡಿಗೆ ಇಂಗ್ಲೆಂಡಿನಲ್ಲಿ ಹೆನ್ರಿ ಪಾಮರ್ ಪೇಟೆಂಟ್ ಪಡೆದದ್ದು 1829ರಲ್ಲಿ. ಕಲ್ನಾರು ಬೆರೆಸಿದ ಸಿಮೆಂಟ್ ಶೀಟು 1900ರ ಸುಮಾರಿಗೆ ಆಸ್ಟ್ರಿಯದ ಲುಡ್ವಿಗ್ ಹಾಚೆಕ್ ಕೈಯಲ್ಲಿ ಹುಟ್ಟಿ, 1934ರಿಂದ ಭಾರತದಲ್ಲೇ ತಯಾರಾಗತೊಡಗಿತು. ಮನೆಗೆ ಹೊಂದಿಕೊಂಡು ನಾಲ್ಕಾರು ಮಗ್ಗ ಹಾಕಿದ ಇಚಲಕರಂಜಿಯ ಸಣ್ಣ ಮಾಲೀಕರಿಗೆ ಅಗ್ಗದ ಶೀಟೇ ಒದಗಿತು. ಆದರೆ ಹತ್ತಿ ನೂಲಿಗೆ ತೇವ ಬೇಕು. ಶೀಟು ಕಾದು ಒಳಗಿನ ಗಾಳಿ ಒಣಗಿದರೆ ಹಾಸಿನ ಎಳೆ ಪದೇಪದೇ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ. ಹೀಗಾಗಿ ಇಲ್ಲಿ ಚಾವಣಿಯ ಸೆಖೆ ನೇಕಾರನ ಮೈಬೆವರಿಗಷ್ಟೇ ನಿಲ್ಲದೆ ಕೂಲಿಯ ಲೆಕ್ಕಕ್ಕೂ ಮುಟ್ಟುತ್ತದೆ.

ಕಾಂಕ್ರೀಟ್ ಸ್ಲ್ಯಾಬು ಬಂದಾಗ ಅದರ ಮೇಲೆ ಇಟ್ಟಿಗೆ ಚೂರಿನ ಕೋಬಾ ಬಂತು. ನೀರು ತಡೆಯಲು ಮಹಾರಾಷ್ಟ್ರದ ಗವಂಡಿಗಳ ನೆಚ್ಚಿನ ಪದ್ಧತಿ ಇದು. ಚದರ ಮೀಟರಿಗೆ ನೂರೈವತ್ತು ಕಿಲೋ ಮೀರುವ ಈ ಭಾರದ ಹೊದಿಕೆ ಬಿರುಕು ಬಿಟ್ಟರೆ, ನೀರು ಎಲ್ಲಿ ಇಳಿದು ಎಲ್ಲಿ ತೊಟ್ಟಿಕ್ಕುತ್ತದೆಂದು ಪತ್ತೆಹಚ್ಚುವುದೇ ಕಷ್ಟ.

ಇವೆಲ್ಲದರ ಬಳಿಕ ಬಂದ ಫೋಮಿನ ಮೂಲ 1937ರಲ್ಲಿ ಜರ್ಮನಿಯ ಲೆವರ್ಕೂಸನ್ನಿನಲ್ಲಿ ಓಟೊ ಬಾಯರ್ ತಂಡ ಕಂಡುಹಿಡಿದ ಪಾಲಿಯುರಿಥೇನ್. ಸಿಂಪಡಣೆಯ ಯಂತ್ರಗಳು 1950–60ರ ದಶಕಗಳಲ್ಲಿ ಅಮೆರಿಕದಲ್ಲಿ ರೂಪುಗೊಂಡವು. ಟೆಕ್ಸಾಸ್‌ನ ಎ ಅಂಡ್ ಎಂ ವಿಶ್ವವಿದ್ಯಾಲಯ 1970ರ ದಶಕದಿಂದ ತನ್ನ ಕಟ್ಟಡಗಳಿಗೆ ಈ ಫೋಮನ್ನು ಹೊದಿಸುತ್ತ ಬಂದದ್ದು ಹೆಚ್ಚು ಪ್ರಸಿದ್ಧ ಉದಾಹರಣೆ.

ಕೆಲಸ ನಡೆಯುವುದು ಹೀಗೆ: ಒಂದು ಡ್ರಮ್ಮಿನಲ್ಲಿ ಐಸೊಸಯನೇಟ್, ಇನ್ನೊಂದರಲ್ಲಿ ಪಾಲಿಯೋಲ್. ಎರಡೂ ಬಿಸಿ ಪೈಪುಗಳಲ್ಲಿ ಸಮಪಾಲಾಗಿ ಹರಿದು ಗನ್ನಿನ ಬಾಯಲ್ಲಿ ಕೂಡುತ್ತವೆ. ಚಾವಣಿಗೆ ಬಿದ್ದ ತೆಳು ದ್ರವ ಕೆಲವೇ ಸೆಕೆಂಡಿನಲ್ಲಿ ಉಬ್ಬಿ ಗಟ್ಟಿಯಾಗುತ್ತದೆ. ಒಂದೇ ಏಟಿಗೆ ದಪ್ಪ ಹೊಡೆದರೆ ಒಳಗಿನ ಕಾವಿಗೆ ಫೋಮ್ ಕಂದಿ ಹೋಗುತ್ತದೆ. ಆದ್ದರಿಂದ ಪದರದ ಮೇಲೆ ಪದರ. ಮೇಲ್ಮೈ ಪೂರ್ತಿ ಒಣಗಿರಬೇಕಾದ್ದರಿಂದ ಈ ಸೀಮೆಯಲ್ಲಿ ಕೆಲಸಕ್ಕೆ ತಕ್ಕ ಕಾಲ ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳವರೆಗೆ. 50 ಮಿ.ಮೀ. ಫೋಮ್ ಶಾಖ ತಡೆಯುವುದರಲ್ಲಿ ಸುಮಾರು ಮೂರು ಮೀಟರ್ ಕಾಂಕ್ರೀಟಿಗೆ ಸಮ, ತೂಕ ಚದರ ಮೀಟರಿಗೆ ಎರಡು ಕಿಲೋ ಚಿಲ್ಲರೆ.

ಬಿಸಿಲು ಬಿದ್ದರೆ ಫೋಮ್ ಹಳದಿಗಟ್ಟಿ ಪುಡಿಯಾಗುತ್ತದೆ. ಅಮೆರಿಕದಲ್ಲಿ ಅದರ ಮೇಲೆ ಅಕ್ರಿಲಿಕ್ ಅಥವಾ ಸಿಲಿಕೋನ್ ಲೇಪ ಬಳಿಯುತ್ತಾರೆ. ನಮ್ಮಲ್ಲಿ ಭಾರತೀಯ ಮಾನಕ ಐಎಸ್ 12432ರ 3ನೇ ಭಾಗ ಈ ಸಿಂಪಡಣೆಗೆ ಸಂಬಂಧಿಸಿದ್ದು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಫೋಮಿನ ಮೇಲೆ ಪಾಲಿಥೀನ್ ಹಾಳೆ, ಅದರ ಮೇಲೆ ತಂತಿ ಬಲೆಯಿಟ್ಟ ಕಾಂಕ್ರೀಟ್ ಹೊದಿಕೆ ಕೇಳುತ್ತದೆ. ಜನ ಮಾಳಿಗೆ ಹತ್ತಿ ಓಡಾಡುವ, ಕಾಳು ಒಣಗಿಸುವ ನಾಡಿಗೆ ಇದೇ ಸರಿ. ಫೋಮ್ ಉಬ್ಬಿಸಲು ಬಳಸುತ್ತಿದ್ದ, ಓಝೋನ್ ಪದರಕ್ಕೆ ಕುತ್ತಾದ ಎಚ್‌ಸಿಎಫ್‌ಸಿ–141ಬಿ ರಾಸಾಯನಿಕವನ್ನು ಭಾರತ 2020ರ ಜನವರಿ 1ರಿಂದ ನಿಲ್ಲಿಸಿದೆ.

ಎಲ್ಲ ಚಾವಣಿಗೂ ಫೋಮ್ ಮದ್ದಲ್ಲ. ಶಿರೋಲಿ, ಗೋಕುಳ ಶಿರಗಾವಗಳ ಫೌಂಡ್ರಿಗಳಲ್ಲಿ ಕಾವು ಹುಟ್ಟುವುದೇ ಒಳಗೆ. ಅಲ್ಲಿ ಬೇಕಾದದ್ದು ಗಾಳಿ ಹೊರಹೋಗುವ ದಾರಿ. ಹಳೆಯ ಸಿಮೆಂಟ್ ಶೀಟನ್ನು ಫೋಮಿಗೆ ಅಣಿಮಾಡಲೆಂದು ತಿಕ್ಕಿ ತೊಳೆದರೆ ಕಲ್ನಾರಿನ ಎಳೆ ಗಾಳಿಗೇಳುತ್ತದೆ. ಫೋಮ್ ಹೊತ್ತಿಕೊಂಡರೆ ಬರುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ಹತ್ತಿಯ ಧೂಳು ತೊಲೆತೊಲೆಗೂ ಕೂತಿರುವ ಮಗ್ಗದ ಶೆಡ್ಡಿನಲ್ಲಿ ತಗಡಿನ ಒಳಮೈಗೆ ಫೋಮ್ ಹೊಡೆದು ಹಾಗೇ ಬಿಡುವುದು, ಎಷ್ಟೇ ಅಗ್ಗವಾದರೂ, ಮಾಡಬಾರದ ಕೆಲಸ.