ಅಡಿಕೆ ಮೂಟೆ ಹೊತ್ತ ಜೀಪು ಗುಡ್ಡ ಹತ್ತಿದ ಕಥೆ

ಹೋದ ನವರಾತ್ರಿ ರಜೇಲಿ ನಮ್ಮ ಮೇಲಿನ ಮನೆ ಅಕ್ಕನ ಅತ್ತೆ ಬಚ್ಚಲ ಹತ್ರ ಜಾರಿ ಬಿದ್ರು. ಸೊಂಟಕ್ಕೇ ಪೆಟ್ಟು. ಹಿಂದಿನ ರಾತ್ರಿಯಿಂದ ಮಳೆ, ಅವರ ಮನೆ ಮಣ್ಣುರಸ್ತೇಲಿ ಕಾರು ಇಳಿಯೋ ಮಾತೇ ಇಲ್ಲ. ಗುರುತಿನ ಜೀಪಿನವ್ರಿಗೆಲ್ಲ ಫೋನ್ ಮಾಡಿದ್ರೆ ಒಬ್ಬೊಬ್ಬರದ್ದೂ ಒಂದೇ ಉತ್ತರ, 'ಕೊಡಚಾದ್ರಿಗೆ ಬಾಡಿಗೆ ಬಂದಿದೀನಿ ಅಕ್ಕಾ, ಇಳಿಯೋದು ಸಂಜೆ ಆಗ್ತದೆ.' ಕೊನೆಗೆ ನಾಲ್ಕು ಜನ ಸೇರಿ ಅಜ್ಜಿನ ಕುರ್ಚಿ ಸಮೇತ ಎತ್ಕೊಂಡು ಡಾಂಬರು ರಸ್ತೆಗೆ ಮುಟ್ಟಿಸಿದ್ರು. ನನ್ನ ಅಜ್ಜಿ ಕಾಲದಲ್ಲಿ ಬಾಣಂತೀರನ್ನ ಕಂಬಳಿ ಜೋಲಿಯಲ್ಲಿ ಹೊತ್ಕೊಂಡು ಹೋಗ್ತಿದ್ರಂತೆ. ನಾವು ತಿರುಗಿ ಅಲ್ಲಿಗೇ ಬಂದ್ವಾ ಅನ್ನಿಸ್ತು.

ಅವತ್ತಿಂದ ಈ ಜೀಪಿನ ವಿಷಯ ತಲೇಲಿ ಕೂತಿದೆ. ಇದು ಹುಟ್ಟಿದ್ದು ಎಂತಕ್ಕೆ, ಈಗ ಮಾಡ್ತಿರೋದು ಎಂತ ಅಂತ.

ಹುಟ್ಟಿದ್ದು ಯುದ್ಧಕ್ಕೆ. 1940ರಲ್ಲಿ ಅಮೆರಿಕದ ಸೈನ್ಯ, ಹಗುರವಾದ, ನಾಲ್ಕೂ ಚಕ್ರಕ್ಕೆ ಎಳೆಯೋ ಶಕ್ತಿ ಇರೋ ಗಾಡಿ ಬೇಕು ಅಂತ ನೂರಮೂವತ್ತೈದು ಕಂಪನಿಗಳನ್ನ ಕೇಳ್ತು. ಬಂಟಮ್ ಅನ್ನೋ ಸಣ್ಣ ಕಂಪನಿ 49 ದಿನದೊಳಗೆ ಮೊದಲ ಗಾಡಿ ಮಾಡಿ ಕೊಡ್ತು. ಆದ್ರೆ ದೊಡ್ಡ ಆರ್ಡರೆಲ್ಲ ಹೋಗಿದ್ದು ವಿಲ್ಲೀಸ್ ಮತ್ತು ಫೋರ್ಡಿಗೆ. ಅಡುಗೆ ಮಾಡಿದವಳು ಒಬ್ಬಳು, ಹೊಗಳಿಕೆ ಬಡಿಸಿದವಳಿಗೆ ಅಂದಂಗೆ! ಯುದ್ಧ ಮುಗಿಯೋದ್ರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಾದವು.

ನಾಲ್ಕು ಚಕ್ರದ ಗುಟ್ಟು ನಂಗೆ ಹೇಳಿಕೊಟ್ಟಿದ್ದು ನಮ್ಮ ಮಾವ. ಆಗಿನ ಸಾಧಾರಣ ಗಾಡಿಗಳಿಗೆ ಇಂಜಿನ್ ತಿರುಗಿಸೋದು ಹಿಂದಿನ ಎರಡು ಚಕ್ರ ಮಾತ್ರ. ಕೆಸರಲ್ಲಿ ಅವು ಸುಮ್ನೆ ಗಿರ್ರನೆ ತಿರುಗಿದ್ರೆ ಗಾಡಿ ಅಲ್ಲೇ. ಜೀಪಿನಲ್ಲಿ ಪಕ್ಕದ ಸಣ್ಣ ಲಿವರ್ ಹಾಕಿದ್ರೆ ಮುಂದಿನ ಚಕ್ರಾನೂ ಎಳೀತವೆ. ಇನ್ನೊಂದು ಲಿವರ್ ಹಾಕಿದ್ರೆ ವೇಗ ಕಮ್ಮಿ ಆಗಿ ಎಳೆಯೋ ಬಲ ಹೆಚ್ಚಾಗ್ತದೆ. ನೊಗದ ಎತ್ತು ದಿಬ್ಬ ಹತ್ತುವಾಗ ನಿಧಾನ ಆಗ್ತದಲ್ಲ, ಹಂಗೆ.

ಯುದ್ಧ ಮುಗಿದ ಮೇಲೆ, 1945ರಲ್ಲಿ ವಿಲ್ಲೀಸ್ ಕಂಪನಿ ಅದನ್ನೇ ರೈತರಿಗೆ ಮಾರಕ್ಕೆ ಶುರು ಮಾಡ್ತು. ಉಳೋದಕ್ಕೂ ಸೈ, ಇಂಜಿನ್ ಬಲದಿಂದ ಗರಗಸ, ಪಂಪು ತಿರುಗಿಸಕ್ಕೂ ಸೈ. ಇಂಗ್ಲೆಂಡಿನ ರೋವರ್ ಕಂಪನಿ ಇದನ್ನ ನೋಡಿ 1948ರಲ್ಲಿ ಲ್ಯಾಂಡ್ ರೋವರ್ ತಂತು. ಉಕ್ಕಿಗೆ ರೇಷನ್ ಇದ್ದ ಕಾಲ, ಅದಕ್ಕೆ ಮೈಯೆಲ್ಲ ಅಲ್ಯೂಮಿನಿಯಂ. ನಮ್ಮ ದೇಶದಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಬೊಂಬಾಯಲ್ಲಿ ಜೋಡಿಸಿದ್ರು. ಆಮೇಲೆ ಪೊಲೀಸು, ಅರಣ್ಯ ಇಲಾಖೆ, ಎಲೆಕ್ಷನ್ನು, ಎಲ್ಲದಕ್ಕೂ ಜೀಪೇ.

ನಮ್ಮನೆಗೆ ಬಂದಿದ್ದು ಸರ್ಕಾರಿ ಹರಾಜಿನಲ್ಲಿ ತಗೊಂಡ ಹಳೇ ಜೀಪು. ನಾನು ಮದುವೆಯಾಗಿ ಬರುವಾಗ್ಲೇ ಟಾಪು ಹರಿದಿತ್ತು. ಅಡಿಕೆ ಮೂಟೆ, ಗೊಬ್ಬರ, ಮದುವೆ ಮನೆ ಹಂಡೆ, ಗ್ಯಾಸ್ ಸಿಲಿಂಡರ್, ಒಂದ್ಸಲ ಕರು ಹಾಕಿದ ದನಾನೂ! 1993ರ ಜುಲೈಯಲ್ಲಿ ನಂಗೆ ನಡುರಾತ್ರಿ ನೋವು ಬಂದಾಗ ಅದರ ಹಿಂದಿನ ಸೀಟಲ್ಲೇ ಮಲಗಿಸ್ಕೊಂಡು ಹೊಸನಗರಕ್ಕೆ ಹೋಗಿದ್ದು. ಮೇಲಿಂದ ನೀರು ತೊಟ್ಟಿಕ್ಕೋದಕ್ಕೆ ನಮ್ಮತ್ತೆ ದಾರಿಯುದ್ದ ಕೊಡೆ ಹಿಡಿದಿದ್ರು. ಮಗಳು ಉಳಿದಿದ್ದು ಆ ಜೀಪಿಂದ. 2004ರಲ್ಲಿ ಅದನ್ನ ಗುಜರಿಗೆ ಹಾಕಿದಾಗ ನಾನು ಒಳಗೆ ಹೋಗಿ ಅತ್ತೆ. ಯಾರಿಗೂ ಹೇಳಿಲ್ಲ, ಈಗ ಇಲ್ಲಿ ಬರೀತಿದೀನಿ.

ಮೋಜಿಗೆ ಜೀಪು ಓಡಿಸೋದೂ ಹೊಸದಲ್ಲ ಮಾರಾಯ್ತಿ. ಕ್ಯಾಲಿಫೋರ್ನಿಯಾದ ಜಾರ್ಜ್‌ಟೌನ್ ಅನ್ನೋ ಊರಿನವರು 1953ರಲ್ಲೇ ರೂಬಿಕಾನ್ ಅನ್ನೋ ಕಲ್ಲುದಾರೀಲಿ ಜೀಪಿನ ಜಾತ್ರೆ ಶುರು ಮಾಡಿದ್ರು, ಊರಿಗೆ ನಾಲ್ಕು ಕಾಸು ಬರ್ಲಿ ಅಂತ. ಆಮೇಲೆ ಮನೆಮಂದಿ ಆರಾಮಾಗಿ ಕೂರೋ ವ್ಯಾಗನೀರ್, 1970ರಲ್ಲಿ ಸಿರಿವಂತರ ರೇಂಜ್ ರೋವರ್. ನಮ್ಮಲ್ಲಿ 2010ರಲ್ಲಿ ಥಾರ್ ಬಂತು, 2020ರಲ್ಲಿ ಅದರದ್ದೇ ಹೊಸ ರೂಪ. ಯುದ್ಧದ ಜೀಪಿನ ಇಂಜಿನ್ 60 ಕುದುರೆ ಬಲ, ಈ ಥಾರಿನ ದೊಡ್ಡ ಡೀಸೆಲ್ ಇಂಜಿನ್ 130. ಬೆಂಗಳೂರಿನ ನನ್ನ ತಮ್ಮನ ಮಗನ ಹತ್ರನೂ ಒಂದಿದೆ. ಅದರ ಟಯರಿಗೆ ಕೆಸರು ತಾಗೋದು ಅವನು ನಮ್ಮನೆಗೆ ಬಂದಾಗ ಮಾತ್ರ. ತೊಳೆಯೋ ನೀರು ಮಾತ್ರ ನಮ್ಮದು!

ಮಂಡಲಪಟ್ಟಿ ಇರ್ಲಿ, ಕೊಡಚಾದ್ರಿ ಇರ್ಲಿ, ಮಣ್ಣು ಹೊರೋ ಜೀಪೆಲ್ಲ ಈಗ ಪ್ರವಾಸಿಗರನ್ನ ಹೊರ್ತವೆ. ಬೈಯಕ್ಕೆ ಮನಸ್ಸು ಬರಲ್ಲ. ಮಾರನೇ ದಿನ ಆ ಜೀಪಿನ ಹುಡುಗ ಬಾಳೆಹಣ್ಣು ತಗೊಂಡು ಅಜ್ಜಿನ ನೋಡಕ್ಕೆ ಬಂದಿದ್ದ. 'ರಜೆ ನಾಲ್ಕು ದಿನ ಬಿಟ್ರೆ ವರ್ಷದ ಕಂತು ಕಟ್ಟೋದು ಹೆಂಗೆ ಅಕ್ಕಾ' ಅಂದ. ಅವನೂ ನಮ್ಮ ಕೇರಿಯವನೇ. ಅಡಿಕೆ ಸಾಗ್ಸಕ್ಕೆ ಪಿಕಪ್ಪು ಬಂದ ಮೇಲೆ ಊರಿನ ಬಾಡಿಗೆ ಅವನಿಗೆ ಎಲ್ಲಿಂದ?

ಅಜ್ಜಿಗೆ ಆಪರೇಷನ್ ಆಗಿ ಈಗ ವಾಕರ್ ಹಿಡ್ಕೊಂಡು ನಡೀತಾರೆ. ಕ್ರಿಸ್‌ಮಸ್ ರಜೆಗೆ ಒಂದು ಜೀಪು ಕೆಳಗೇ ನಿಲ್ಲಿಸ್ಬೇಕು ಅಂತ ಸಂಘದ ಮೀಟಿಂಗಲ್ಲಿ ನಾವು ಹೆಂಗಸರು ಮಾತಾಡಿದೀವಿ. ಆ ದಿನದ ಬಾಡಿಗೆ ಯಾರು ಕೊಡೋದು ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ.