ಲೇಸರ್ ಸ್ಪಂದವೂ ಕಠಿನ ಲೇಪವೂ: ಒಂದು ವಿಧಾನದ ಚರಿತ್ರೆ

ಹೊಸ ವಿಧಾನವೊಂದು ಹುಟ್ಟಿದೊಡನೆಯೇ ಫಲ ಕೊಡಬೇಕೆಂಬ ನಿಯಮವಿಲ್ಲ. ತಕ್ಕ ಅಗತ್ಯ ಒದಗುವವರೆಗೆ ಅದು ಕಾದಿರಬೇಕಾಗುತ್ತದೆ. ಲೇಸರಿನಿಂದ ತೆಳುಪದರಗಳನ್ನು ಬೆಳೆಸುವ ವಿಧಾನದ ಚರಿತ್ರೆ ಇದಕ್ಕೆ ನಿದರ್ಶನ.

೧೯೬೦ರಲ್ಲಿ ಅಮೆರಿಕದ ಮೇಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದನು. ೧೯೬೫ರಲ್ಲಿ ಸ್ಮಿತ್ ಮತ್ತು ಟರ್ನರ್ ಎಂಬ ವಿಜ್ಞಾನಿಗಳು ಅಂಥದೇ ಲೇಸರಿನ ಕಿರಣವನ್ನು ನಿರ್ವಾತ ಪಾತ್ರೆಯೊಳಗಿನ ವಸ್ತುವಿನ ಮೇಲೆ ಹಾಯಿಸಿ, ಎದ್ದ ಆವಿಯನ್ನು ಪದರವಾಗಿ ಪಡೆದರು. ಆದರೆ ಮುಂದಿನ ಎರಡು ದಶಕಗಳ ಕಾಲ ಈ ವಿಧಾನ ಕೆಲವೇ ಪ್ರಯೋಗಶಾಲೆಗಳ ಕುತೂಹಲವಾಗಿ ಉಳಿಯಿತು.

ಅಗತ್ಯ ಒದಗಿದ್ದು ಬೇರೊಂದು ದಿಕ್ಕಿನಿಂದ. ೧೯೮೭ರಲ್ಲಿ ಯಿಟ್ರಿಯಮ್, ಬೇರಿಯಮ್, ತಾಮ್ರ, ಆಮ್ಲಜನಕಗಳ ಸಂಯುಕ್ತವೊಂದು ದ್ರವ ನೈಟ್ರೋಜನ್ನಿನ ಉಷ್ಣತೆಯಲ್ಲಿಯೇ ಅತಿವಾಹಕವಾಗುವುದು ತಿಳಿದುಬಂತು. ಇಂಥ ವಸ್ತುವನ್ನು ನಿಧಾನವಾಗಿ ಕಾಯಿಸಿದರೆ ಒಂದೊಂದು ಧಾತುವೂ ತನ್ನದೇ ವೇಗದಲ್ಲಿ ಆವಿಯಾಗಿ, ಪದರದಲ್ಲಿ ಪ್ರಮಾಣ ಕೆಡುತ್ತದೆ. ಲೇಸರಿನ ಸ್ಪಂದವಾದರೋ ಸೆಕೆಂಡಿನ ಕೋಟ್ಯಂಶಕ್ಕಿಂತಲೂ ಕಡಮೆ ಕಾಲದಲ್ಲಿ ಎಲ್ಲ ಧಾತುಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಅದೇ ವರ್ಷ ವೆಂಕಟೇಶನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಈ ಕ್ರಮದಿಂದ ಅತಿವಾಹಕ ಪದರವನ್ನು ಬೆಳೆಸಿದ ಮೇಲೆ ವಿಧಾನಕ್ಕೆ ಮನ್ನಣೆ ದೊರೆಯಿತು.

ಕಠಿನ ಸೆರಾಮಿಕ್ಕುಗಳಿಗೂ ಇದು ಒದಗಿತು. ಉಪಕರಣಗಳಿಗೆ ಹೊಂಬಣ್ಣದ ಲೇಪವಾಗುವ ಟೈಟೇನಿಯಮ್ ನೈಟ್ರೈಡು ಸುಮಾರು ೨,೯೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕರಗುವ ವಸ್ತು. ಅನಿಲಗಳ ರಾಸಾಯನಿಕ ಕ್ರಿಯೆಯಿಂದ ಅದನ್ನು ಲೇಪಿಸುವ ಹಳೆಯ ಕ್ರಮದಲ್ಲಿ ಉಪಕರಣವನ್ನೇ ೧,೦೦೦ ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು; ಆ ಕಾವಿಗೆ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ. ಲೇಸರ್ ಸ್ಪಂದ ಎಬ್ಬಿಸಿದ ಕಣಗಳು ವೇಗವಾಗಿ ಬಂದು ತಗಲುವುದರಿಂದ ಕಡಮೆ ಕಾವಿನಲ್ಲಿಯೂ ಪದರ ಒತ್ತಾಗಿ ಬೆಳೆಯುತ್ತದೆ. ೧೯೯೨ರಲ್ಲಿ ಜಗದೀಶ ನಾರಾಯಣ್ ಮತ್ತು ಸಂಗಡಿಗರು ಸಿಲಿಕಾನ್ ಹರಳಿನ ಮೇಲೆ ಈ ನೈಟ್ರೈಡನ್ನು ಒಂದೇ ದಿಕ್ಕಿನ ಹರಳಾಗಿ ಬೆಳೆಸಿದರು. ಎರಡರ ಕಣಜಾಲಗಳ ಅಳತೆಯಲ್ಲಿ ಬಹಳ ಅಂತರವಿದ್ದರೂ, ನೈಟ್ರೈಡಿನ ನಾಲ್ಕು ಅಂಕಣಗಳು ಸಿಲಿಕಾನಿನ ಮೂರಕ್ಕೆ ಹೆಚ್ಚುಕಡಮೆ ಸರಿಹೊಂದುತ್ತವೆ.

ವಿಧಾನಕ್ಕೆ ದೋಷಗಳೂ ಉಂಟು. ಆವಿಯೊಡನೆ ಸಿಡಿಯುವ ಕರಗಿದ ಹನಿಗಳು ಪದರವನ್ನು ಒರಟಾಗಿಸುತ್ತವೆ. ಸಮನಾಗಿ ಲೇಪಗೊಳ್ಳುವ ಜಾಗವೂ ಸಣ್ಣದು. ಆದುದರಿಂದ ಕಾರ್ಖಾನೆಗಳಲ್ಲಿ ಉಪಕರಣಗಳ ಲೇಪಕಾರ್ಯ ಇಂದಿಗೂ ಬಹುಮಟ್ಟಿಗೆ ಇತರ ವಿಧಾನಗಳ ಪಾಲಿಗಿದೆ. ಹೊಸ ಪದಾರ್ಥವನ್ನು ಮೊದಲು ಪದರವಾಗಿ ಬೆಳೆಸಿ ಪರೀಕ್ಷಿಸುವಲ್ಲಿ ಮಾತ್ರ ಸಂಶೋಧಕರು ಲೇಸರನ್ನು ನೆಚ್ಚುತ್ತಾರೆ. ೧೯೬೫ರ ಪ್ರಯೋಗಕ್ಕೆ ಸಂದ ನಿಜವಾದ ಫಲ ಇದೇ.